ಮೊಳೆಗೆ ತೂಗುಹಾಕಿದ ರೊಟ್ಟಿ

ನನ್ನ ಗಂಡನನ್ನು ಆಪರೇಷನ್ನಿಗೆಂದು ಮೈಸೂರಿಗೆ ಕರೆದೊಯ್ದ ದಿನ ಬೆಳಿಗ್ಗೆ ಅವರು ಒಂದು ರಾಗಿ ರೊಟ್ಟಿಯನ್ನು ಕಚ್ಚಿದರು. ಹಿಂದಿನ ರಾತ್ರಿಯ ಊಟದ ಮೇಲೆ ಹೊಟ್ಟೆಗೆ ಏನೂ ಹೋಗಬಾರದು, ನೀರೂ ಕೂಡದು ಎಂದು ಡಾಕ್ಟರು ಎರಡು ಸಲ ಹೇಳಿ ಕಳಿಸಿದ್ದರು. ಅವರು ಕಚ್ಚಿದ್ದನ್ನು ನಾನು ಕಣ್ಣಾರೆ ಕಂಡೆ. ಆಸ್ಪತ್ರೆಯಲ್ಲಿ ಬಾಯಿ ಬಿಡಲಿಲ್ಲ. ಐದನೆಯ ದಿನ ಅದೇ ದಾರಿಯಲ್ಲಿ, ನಂಜನಗೂಡು ದಾಟಿ ಬೇಗೂರಿನ ಮೇಲೆ ಹಾಯ್ದು, ಅವರ ದೇಹವನ್ನು ಊರಿಗೆ ತಂದೆವು. ಅಡುಗೆಮನೆಯ ಗೋಡೆಯ ಮೊಳೆಯಲ್ಲಿ ಆ ರೊಟ್ಟಿ ಹಾಗೆಯೇ ತೂಗುತ್ತಿತ್ತು.

ರೊಟ್ಟಿ ಕಚ್ಚಿ ತೂಗುಹಾಕುವುದು ನಮ್ಮ ಕಡೆಯ ಪದ್ಧತಿಯಲ್ಲ. ಅದನ್ನು ಅವರು ಉಜ್ಬೇಕಿಸ್ತಾನದಿಂದ ತಂದರು. ಚಾಮರಾಜನಗರದ ಒಂದು ಚಾಕಿ ಕೇಂದ್ರದಲ್ಲಿ ಅವರಿಗೆ ಕೆಲಸ. ರೇಷ್ಮೆ ಮೊಟ್ಟೆಯೊಡೆದು ಬಂದ ಹುಳುವನ್ನು ಮೊದಲ ಹತ್ತು ದಿನ ಸಾಕಿ ರೈತರಿಗೆ ಕೊಡುವ ಜಾಗ ಅದು. ಎಳೆ ಹುಳುವಿಗೆ ಸೊಪ್ಪನ್ನು ಎಷ್ಟು ಸಣ್ಣಗೆ ಹೆಚ್ಚಬೇಕು, ಎಷ್ಟು ಹೊತ್ತಿಗೊಮ್ಮೆ ಉದುರಿಸಬೇಕು ಎಂಬುದರಲ್ಲಿ ಅವರ ಕೈ ಪಳಗಿತ್ತು. ಆ ದೇಶದಲ್ಲಿ ವಸಂತ ಬಂತೆಂದರೆ ಹಳ್ಳಿಯ ಹೆಂಗಸರು ಮನೆಯ ಒಂದು ಕೋಣೆಯನ್ನು ಹುಳುವಿಗೆ ಬಿಟ್ಟುಕೊಡುತ್ತಾರಂತೆ. ಅವರಿಗೆ ಕಲಿಸಿಕೊಡಲು ಇಲ್ಲಿಂದ ಇಬ್ಬರನ್ನು ಕರೆಸಿಕೊಂಡರು. ಇವರು ಮತ್ತು ಇವರ ಜೊತೆ ಕೆಲಸ ಮಾಡುತ್ತಿದ್ದ ಹರದನಹಳ್ಳಿಯ ಒಬ್ಬರು. ಎರಡು ವರ್ಷ ಎರಡು ವಸಂತ ಹೋಗಿ ಬಂದರು. ಫರ್ಗಾನಾ ಕಣಿವೆಯ ಒಂದು ಹಳ್ಳಿಯಲ್ಲಿ, ಒಬ್ಬ ಅಜ್ಜಿಯ ಮನೆಯಲ್ಲಿ ಇವರ ಊಟ, ವಾಸ.

ಅಲ್ಲಿಂದ ಅವರು ನನಗೆ ಸೀರೆ ತರಲಿಲ್ಲ. ಕಥೆ ತಂದರು. ಮೊದಲ ದಿನ ಅಜ್ಜಿ ಬಟ್ಟಲಿಗೆ ಎರಡು ಗುಟುಕಿನಷ್ಟು ಮಾತ್ರ ಟೀ ಬಗ್ಗಿಸಿ ಕೊಟ್ಟಳಂತೆ. ಅಷ್ಟು ದೂರದಿಂದ ಬಂದವರಿಗೆ ಇಷ್ಟೇನಾ ಎಂದು ಇವರಿಗೆ ಒಳಗೇ ಕೋಪ. ಮಾರನೆಯ ದಿನ ತಾವೇ ಕೆಟಲು ಹಿಡಿದು, ನಮ್ಮ ಊರಿನ ಮರ್ಯಾದೆಯಂತೆ, ಅಜ್ಜಿಯ ಬಟ್ಟಲನ್ನು ತುಳುಕುವ ಹಾಗೆ ತುಂಬಿದರು. ಅಜ್ಜಿಯ ಮುಖ ಸಣ್ಣದಾಯಿತು. ತುಂಬಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದಂತೆ ಅಲ್ಲಿ. ಸ್ವಲ್ಪ ಸ್ವಲ್ಪವೇ ಹಾಕುವುದು, ಮತ್ತೆ ಮತ್ತೆ ಹಾಕುವ ನೆವದಲ್ಲಿ ಕೂರಿಸಿಕೊಳ್ಳುವುದಕ್ಕೆ. ಇನ್ನೊಂದು ದಿನ ತಂದೂರಿನಿಂದ ಬಂದ ದುಂಡನೆಯ ರೊಟ್ಟಿಯನ್ನು ಇವರು ಮುರಿದು, ಉಳಿದದ್ದನ್ನು ಬೋರಲು ಇಟ್ಟರು. ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ಅಜ್ಜಿ ಏನೂ ಅನ್ನದೆ ಕೈ ಚಾಚಿ ರೊಟ್ಟಿಯನ್ನು ಅಂಗಾತ ತಿರುಗಿಸಿದಳು. ಆಮೇಲೆ ಮಾತು ಮುಂದುವರಿಯಿತು.

ಅಜ್ಜಿಯ ಬಾಯಲ್ಲಿ ಮಾತಿಗೊಂದು ಗಾದೆಯಂತೆ, ಅದರಲ್ಲಿ ಬಹುಪಾಲು ಊಟದ್ದು. ಹುಳು ಸಾಕಣೆಯ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇವರು ಅವನ್ನು ಕಿವಿಗೆ ಬಿದ್ದಂತೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ. ತಪ್ಪು ಒಪ್ಪು ನನಗೆ ತಿಳಿಯದು, ಅದಕ್ಕೇ ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದಲ್ಲಿ ಅವರು ಬರೆದ ಅರ್ಥ ಮಾತ್ರ ನನಗೆ ಬಾಯಿಪಾಠ ಆಗಿದೆ. ಅಲ್ಲಿ ರೊಟ್ಟಿ ಎಂದರೆ ಮನೆಯ ದೊಡ್ಡವರ ಹಾಗೆ, ಅದರ ಮುಂದೆ ಸುಳ್ಳು ಆಡುವಂತಿಲ್ಲ. ಉಪ್ಪು ಎಂದರೆ ಒಂದು ಸಲ ತಿಂದ ಮೇಲೆ ಬಿಡಿಸಿಕೊಳ್ಳಲಾಗದ ನಂಟು. ಬಡಿಸುವ ಕೈಗಿಂತ ಬಡಿಸುವವರ ಮುಖವನ್ನು ನೋಡುತ್ತಾರೆ. ನಾನು ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಇದನ್ನು ಓದಿ ಹೇಳಿದಾಗ ನಾನು, "ಇದ್ನ ಕಲಿಯಕ್ಕ ಇಮಾನ ಅತ್ಬೇಕಿತ್ತಾ? ನಮ್ಮವ್ವನ್ನ ಕೇಳಿದ್ರ ಒಲೆ ಮುಂದ್ಲೇ ಕುಂತ್ಕಂಡು ಏಳ್ತಿತ್ತು" ಎಂದಿದ್ದೆ.

ಇವರು ಅಲ್ಲಿಂದ ಹೊರಡುವ ದಿನ ಅಜ್ಜಿ ಒಂದು ರೊಟ್ಟಿಯನ್ನು ಇವರ ಬಾಯಿಯ ಹತ್ತಿರ ಹಿಡಿದು ಕಚ್ಚು ಎಂದಳು. ಕಚ್ಚಿದ ಮೇಲೆ ಉಳಿದದ್ದನ್ನು ಗೋಡೆಗೆ ತೂಗುಹಾಕಿದಳು. ಮನೆಯಿಂದ ದೂರ ಹೋಗುವವರ ಪಾಲು ಅದು. ಬಂದು ಉಳಿದದ್ದನ್ನು ತಿನ್ನಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವುದಿಲ್ಲ. ಮರುವರ್ಷ ಹೋದಾಗ ಆ ರೊಟ್ಟಿ ಅಲ್ಲೇ ಇತ್ತಂತೆ. ಟೀಯಲ್ಲಿ ನೆನೆಸಿ ತಿಂದರು. ಹೊರಡುವಾಗ ಮತ್ತೊಂದನ್ನು ಕಚ್ಚಿ ಬಂದರು.

ಆಮೇಲೆ ನಮ್ಮ ಮನೆಯಲ್ಲೂ ಅದೇ ಶುರುವಾಯಿತು. ಎರಡು ದಿನದ ತರಬೇತಿಗೆ ಹೊರಟರೂ ರಾಗಿ ರೊಟ್ಟಿ ಆಗಬೇಕು. ಕಚ್ಚಿ, ಕಾಗದದಲ್ಲಿ ಸುತ್ತಿ, ಬಟ್ಟೆಯ ಚೀಲಕ್ಕೆ ಹಾಕಿ ಮೊಳೆಗೆ ತೂಗಬೇಕು. ವಾಪಸು ಬಂದವರು ಕಾಲು ತೊಳೆದು ನೇರ ಅಡುಗೆಮನೆಗೇ ಬರುತ್ತಿದ್ದರು. ನಾನು ರೇಗಿಸುತ್ತಿದ್ದೆ.

"ಒಣಗಿದ್ ರೊಟ್ಟಿ ತಿನ್ನಕ್ಕ ಓಡ್ ಬಂದ್ರಾ, ಎಂಡ್ತಿ ನೋಡಕ್ಕಾ?"

"ಎರಡೂವೆ ಒಣಗೋಗವೆ ಕಣಮ್ಮಿ. ಇದಾದ್ರೆ ಸಾರಲ್ಲಿ ನೆನಸ್ಕಂಡು ತಿನ್ಬೋದು."

ಆಸ್ಪತ್ರೆಗೆ ಹೊರಟ ಬೆಳಿಗ್ಗೆ ನನಗೂ ಕಾರು ಓಡಿಸುವವನಿಗೂ ದಾರಿಗೆಂದು ನಾಲ್ಕು ರೊಟ್ಟಿ ಸುಟ್ಟಿದ್ದೆ. ಪಿತ್ತಕೋಶದಲ್ಲಿ ಕಲ್ಲು, ತೆಗೆಸಿದರೆ ನಾಲ್ಕೈದು ದಿನದಲ್ಲಿ ವಾಪಸು ಎಂದಿದ್ದರು. ಕಾರು ಬಾಗಿಲಲ್ಲಿ ನಿಂತಿತ್ತು. ಓಡಿಸುವವನು ನನ್ನ ಮೈದುನ. ಬ್ಯಾಗು ಇಟ್ಟು ಒಳಗೆ ಬಂದರೆ ಇವರು ಒಲೆಯ ಪಕ್ಕ ರೊಟ್ಟಿ ಹಿಡಿದು ನಿಂತಿದ್ದಾರೆ.

"ಏನ್ ಮಾಡ್ತಿದ್ದೀರಿ? ಡಾಕ್ಟ್ರು ಏಳಿದ್ದು ನೆಪ್ಪಿಲ್ವಾ?"

"ವಾಪಸ್ ಬರಾದು ಬ್ಯಾಡ್ವಾ ಕಣಮ್ಮಿ?" ಎಂದು ನಕ್ಕು, ಕಚ್ಚಿಯೇ ಬಿಟ್ಟರು. ದವಡೆ ಆಡಿದ್ದು ನನಗೆ ಕಂಡಿತು.

"ನಿಮ್ಗೇನ್ ಬುದ್ಧಿಗಿದ್ಧಿ ಕೆಟ್ಟೋಗದಾ?" ಎಂದು ಕೂಗಿಬಿಟ್ಟೆ. ಅವರು ಉತ್ತರ ಕೊಡಲಿಲ್ಲ. ನಿಲ್ಲು ಎನ್ನುವಂತೆ ಒಂದು ಕೈ ಎತ್ತಿ ಗೋಡೆಯ ಕಡೆ ತಿರುಗಿದರು. ಹೊರಗೆ ಮೈದುನ ಹಾರ್ನ್ ಹೊಡೆದ. ನಾನು ಸಿಟ್ಟಿನಲ್ಲಿ ಹೊರಟುಹೋದೆ. ಹಿಂದಿನಿಂದ ಕಾಗದದ ಸದ್ದು ಕೇಳಿಸಿತು, ನಿಂತು ಮತ್ತೊಮ್ಮೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರೂ ಬಂದು ಕಾರು ಹತ್ತಿದರು. ದಾರಿಯುದ್ದಕ್ಕೂ ನಾನು ಕಿಟಕಿಯ ಕಡೆಗೇ ಮುಖ ಮಾಡಿದ್ದೆ. ಮೈದುನನ ಮುಂದೆ ಆ ಮಾತು ಎತ್ತುವುದು ನನಗೆ ಬೇಡವಾಗಿತ್ತು.

ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದರು: "ಬೆಳಿಗ್ಗೆ ಏನಾದ್ರೂ ತಿಂದ್ರಾ? ಕುಡಿದ್ರಾ?"

"ಇಲ್ಲ" ಎಂದರು ಇವರು. ಹಾಗೆಂದವರು ನನ್ನ ಕಡೆ ನೋಡಿದರು. ಆ ನೋಟವನ್ನು ನಾನು, ಸುಮ್ಮನಿರು, ಹೇಳಬೇಡ ಎಂದು ಓದಿಕೊಂಡೆ. ಹೇಳಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ, ಮತ್ತೆ ಆ ನೋವು. ಒಂದು ತುತ್ತು ರೊಟ್ಟಿಗೆ ಏನಾಗುತ್ತದೆ ಎಂದುಕೊಂಡೆ. ನರ್ಸಮ್ಮ ಬರೆದುಕೊಂಡು ಹೋದರು.

ಆಪರೇಷನ್ ಆಯಿತು. ಮಾರನೆಯ ದಿನ ಮಾತಾಡಿದರು, ಮನೆಯಲ್ಲಿ ನಾಯಿಗೆ ಅನ್ನ ಹಾಕಿದವರು ಯಾರು ಎಂದು ಕೇಳಿದರು. ಮೂರನೆಯ ದಿನ ಜ್ವರ ಬಂತು. ಎದೆಯಲ್ಲಿ ಸೋಂಕು ಎಂದರು. ಅವರನ್ನು ಒಳಗೆ ಸೇರಿಸಿಕೊಂಡು ಗಾಜಿನ ಬಾಗಿಲು ಹಾಕಿದರು. ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ, ಬೇರೆ ಯಾರೋ ರೋಗಿಯ ಹೆಂಡತಿಗೆ ನರ್ಸಮ್ಮ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅರಿವಳಿಕೆ ಕೊಟ್ಟಾಗ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದಕ್ಕೇ ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನುವುದು. ಆ ಹೆಂಗಸು ತಲೆಯಾಡಿಸಿದಳು. ಎದ್ದು ಹೋಗಿ ಡಾಕ್ಟರಿಗೆ ಹೇಳಬೇಕು ಎಂದುಕೊಂಡೆ. ಏಳಲಾಗಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಅವರು ಹೋದರು.

ಮಣ್ಣು ಮಾಡಿದ ಮಾರನೆಯ ದಿನ ಅವರ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದರು. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಗುಂಡ್ಲುಪೇಟೆಗೆ ಮದುವೆಯಾಗಿ ಹೋದವರು, ತಮ್ಮನಿಗಿಂತ ಹತ್ತು ವರ್ಷ ದೊಡ್ಡವರು. ಸಾವಿನ ಮೊದಲು ಬೇಯಿಸಿದ್ದು ಯಾವುದೂ ಸೂತಕದ ಮನೆಯಲ್ಲಿ ಉಳಿಯಬಾರದು. ಉಪ್ಪಿನಕಾಯಿಯ ಜಾಡಿ ಒಂದು ಬಿಟ್ಟು ಮಿಕ್ಕದ್ದೆಲ್ಲ ಹೊರಗೆ ಹೋಯಿತು. ಹುರಿಟ್ಟು, ಚಟ್ನಿಪುಡಿ, ಮಡಕೆಯಲ್ಲಿ ಉಳಿದಿದ್ದ ಹುಳಿ ಹಿಟ್ಟು. ಕೊನೆಗೆ ಅವರ ಕಣ್ಣು ಗೋಡೆಗೆ ಹೋಯಿತು.

"ಏನಮ್ಮಿ ಅದು, ಮೊಳಗ ನೇತಾಕಿರಾದು?"

"ಸೋರೆ ಬೀಜ ಅತ್ತಿಗೆ. ಬಿತ್ತನೆಗ ಮಡಗಿವ್ನಿ."

"ಚೀಲದ ತುಂಬ ಸೋರೆ ಬೀಜವಾ? ಊರಿಗೆಲ್ಲ ಬಿತ್ತೀಯಾ?" ಎಂದು ಒಂದು ಗಳಿಗೆ ನಿಂತರು. "ಇರ್ಲಿ ಬುಡು, ಬೀಜಕ್ಕ ಸೂತಕ ಇಲ್ಲ" ಎಂದು ಪೊರಕೆ ತೆಗೆದುಕೊಂಡರು.

ಚೀಲ ತೆಗೆದರೆ ರೊಟ್ಟಿ ತಿಪ್ಪೆಗೆ ಹೋಗುತ್ತಿತ್ತು. ಅದರಲ್ಲಿ ಅವರ ಹಲ್ಲಿನ ಗುರುತು ಇತ್ತು. ಆದರೆ ನಾನು ಸುಳ್ಳು ಹೇಳಿದ್ದು ಅದೊಂದಕ್ಕೇ ಅಲ್ಲ. ಇದು ಯಾವತ್ತು ಕಚ್ಚಿದ ರೊಟ್ಟಿ ಎಂದು ಅತ್ತಿಗೆ ಕೇಳುತ್ತಾರೆ. ಆವತ್ತು ಅವನು ಏನೂ ತಿನ್ನಬಾರದಾಗಿತ್ತಲ್ಲ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ನೀನು ನೋಡುತ್ತಾ ನಿಂತಿದ್ದೆಯಾ ಎನ್ನುತ್ತಾರೆ.

ನಮ್ಮ ಒಲೆ ಹಚ್ಚುವಂತಿರಲಿಲ್ಲ. ನೆರೆಮನೆಯವರು ಸರದಿಯ ಮೇಲೆ ಮುದ್ದೆ, ಸಾರು ತರುತ್ತಿದ್ದರು. ಎಲ್ಲರೂ ಕೂತು ಉಣ್ಣುವಾಗ ಅತ್ತಿಗೆ ತಮ್ಮನ ಸುದ್ದಿ ತೆಗೆಯುತ್ತಿದ್ದರು. ಅಳುತ್ತಲೇ ನಗಿಸುವ ಹೆಂಗಸು ಅವರು.

"ಚಿಕ್ಕೋನಿದ್ದಾಗ ಜರದ ಮಾತ್ರೆ ಕೊಟ್ರ ನುಂಗ್ತಾನೆ ಇರ್ನಿಲ್ಲ ಕಣಮ್ಮಿ. ಕೆನ್ನೆ ಒಳಗ ಮಡಿಕಂಡು, ನೀರ ಕುಡ್ದು, ಅವ್ವನ್ಗ ನಾಲ್ಗೆ ಬ್ಯಾರೆ ಚಾಚಿ ತೋರ್ಸೋನು! ಆಮ್ಯಾಕ ನೋಡುದ್ರ ಕೊಟ್ಟಿಗೆ ಗ್ವಾಡ ಸಂದೀಲಿ ಮಾತ್ರೆ ಸಾಲಾಗಿ ಕುಂತಿದ್ವು. ಕಾಗ್ದದಲ್ಲಿ ಸುತ್ತಿ ಬ್ಯಾರೆ ಮಡಗಿದ್ದ, ಕಳ್ಳನನ್ಮಗ."

ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ. ನನ್ನ ಕಣ್ಣು ಮೊಳೆಯ ಮೇಲಿತ್ತು. ಚೀಲದ ಹಗ್ಗದ ಗುಂಟ ಇರುವೆ ಹತ್ತುತ್ತಿತ್ತು. ದಿನಾ ಯಾರೂ ಇಲ್ಲದಾಗ ಸೀಮೆಎಣ್ಣೆ ಬಟ್ಟೆಯಿಂದ ಹಗ್ಗವನ್ನು ಒರೆಸುತ್ತಿದ್ದೆ. ಚೀಲ ಬಿಚ್ಚಿ ನೋಡುವ ಧೈರ್ಯ ಮಾತ್ರ ಬರಲಿಲ್ಲ. ಎಷ್ಟು ದೊಡ್ಡ ತುತ್ತು ಕಚ್ಚಿದ್ದರು ಎಂಬುದು ಕಂಡುಬಿಡುತ್ತದಲ್ಲ.

ಏಳನೆಯ ದಿನ ಅತ್ತಿಗೆ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು. "ತಿಥಿ ಮುಗಿಸ್ಕಂಡು ಓಗುವಾಗ ನಂಗೂ ನಾಕ್ ಸೋರೆ ಬೀಜ ಕೊಡು. ನಮ್ ಹಿತ್ಲಲ್ಲಿ ಹಾಕ್ತೀನಿ. ತಮ್ಮನ ಮನೆ ಬಳ್ಳಿ ಅಂತ ನೋಡ್ಕಂಡಿರ್ತೀನಿ." ನಾನು ತಲೆಯಾಡಿಸಿದೆ. ಮಧ್ಯಾಹ್ನವೇ ಪಕ್ಕದ ಮನೆಗೆ ಹೋಗಿ ಸೋರೆ ಬೀಜ ಇದೆಯಾ ಎಂದು ಕೇಳಿದೆ. ಅವರ ಹತ್ತಿರ ಇದ್ದದ್ದು ಕುಂಬಳದ ಬೀಜ.

ಒಂಬತ್ತನೆಯ ದಿನ ಬೆಳಿಗ್ಗೆ ಹರದನಹಳ್ಳಿಯ ಆ ಸಹೋದ್ಯೋಗಿ ಬೈಕಿನಲ್ಲಿ ಬಂದರು. ಜಗಲಿಯಲ್ಲಿ ಕೂತು ಕೊಟ್ಟ ನೀರು ಕುಡಿದರು. ಆಮೇಲೆ ಫೋನು ತೆಗೆದರು.

"ಅಕ್ಕ, ಆ ಅಜ್ಜಿಗ ವಿಷ್ಯ ಗೊತ್ತಾಗದ. ನಿಮ್ಮ ಜೊತೆ ಮಾತಾಡ್ಬೇಕು ಅಂತ ಮೂರ್ ದಿನ್ದಿಂದ ಕೇಳ್ತಾವ್ರೆ."

ಹರದನಹಳ್ಳಿಯವರಿಗೆ ಅಲ್ಲಿಯ ಮಾತು ಅಲ್ಪಸ್ವಲ್ಪ ಬರುತ್ತಿತ್ತು. ವಿಡಿಯೋ ಕರೆ ಮಾಡಿದರು. ಬಿಳಿ ಬಟ್ಟೆಯನ್ನು ತಲೆಗೆ ಕಟ್ಟಿದ್ದ ಅಗಲ ಮುಖದ ಮುದುಕಿ ಫೋನಿನ ತುಂಬ ಬಂದರು. ನನ್ನನ್ನು ನೋಡಿ ಎದೆಯ ಮೇಲೆ ಕೈಯಿಟ್ಟು ಬಗ್ಗಿದರು. ಏನೋ ಕೇಳಿದರು.

"ನೆರೆಯವರು ಅಡುಗೆ ತಂದು ಕೊಡ್ತಾವ್ರಾ ಅಂತ ಕೇಳ್ತಾವ್ರೆ ಅಕ್ಕ."

"ತತ್ತಾವ್ರೆ ಅಂತ ಏಳಪ್ಪ" ಎಂದು ನನ್ನ ಹಿಂದಿನಿಂದ ಅತ್ತಿಗೆಯೇ ಉತ್ತರ ಕೊಟ್ಟರು. "ಉಪ್ಪು ಮಾತ್ರ ವಸಿ ಕಮ್ಮಿ."

ಅಜ್ಜಿ ಫೋನನ್ನು ಗೋಡೆಯ ಕಡೆ ತಿರುಗಿಸಿದರು. ಅಲ್ಲೊಂದು ದುಂಡು ರೊಟ್ಟಿ ತೂಗುತ್ತಿತ್ತು, ನಡುವೆ ಹೂವಿನ ಅಚ್ಚು, ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಕಚ್ಚಿದ ಜಾಗ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು. ಅಜ್ಜಿ ಮತ್ತೆ ಮಾತಾಡಿದರು.

"ಇದನ್ನ ಏನ್ ಮಾಡ್ಲಿ ಅಂತಾವ್ರೆ. ಆಮೇಲೆ..." ಅವರು ತಡವರಿಸಿದರು. "ನಿಮ್ಮನೇಲೂ ಹಿಂಗೇ ಮಾಡ್ತೀನಿ ಅಂತ ಅಣ್ಣ ಏಳಿದ್ರಂತೆ. ಆಸ್ಪತ್ರೆಗ ಓಗುವಾಗ ಕಚ್ಚಿದ್ರಾ, ಆ ರೊಟ್ಟಿ ಇನ್ನೂ ಅದಾ ಅಂತ ಕೇಳ್ತಾವ್ರೆ."

ಜಗಲಿಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಫೋನಿನಲ್ಲಿ ಆ ಮುದುಕಿಯೂ. ಎರಡೂ ದೇಶದಿಂದ ನನ್ನನ್ನು ಒಟ್ಟಿಗೆ ವಿಚಾರಣೆಗೆ ನಿಲ್ಲಿಸಿದ ಹಾಗಿತ್ತು. ರೊಟ್ಟಿಯ ಮುಂದೆ ಸುಳ್ಳು ಆಡುವಂತಿಲ್ಲ ಎಂದು ಅವರು ಪುಸ್ತಕದಲ್ಲಿ ಬರೆದದ್ದು ನೆನಪಾಯಿತು. ನಾನು ಎದ್ದು ಒಳಗೆ ಹೋಗಿ ಚೀಲವನ್ನು ಇಳಿಸಿಕೊಂಡು ಬಂದೆ.

"ಅದು ಸೋರೆ ಬೀಜ ಅಲ್ವಾ?" ಎಂದರು ಅತ್ತಿಗೆ.

ನಾನು ಚೀಲದ ಬಾಯಿ ಬಿಚ್ಚಿದೆ. ಕಾಗದದಲ್ಲಿ ಸುತ್ತಿದ ರೊಟ್ಟಿ ಬಂತು. ಅದರ ಹಿಂದೆಯೇ ಹುಣಿಸೆ ಬೀಜದಷ್ಟು ದಪ್ಪದ ಇನ್ನೊಂದು ಪುಟ್ಟ ಕಾಗದದ ಪೊಟ್ಟಣ ನೆಲಕ್ಕೆ ಬಿತ್ತು. ಅತ್ತಿಗೆ ಎತ್ತಿಕೊಂಡರು.

"ಓಹೋ, ಇದಾ ನಿನ್ನ ಬಿತ್ತನೆ ಬೀಜ?" ಎನ್ನುತ್ತಾ ಬಿಚ್ಚಿದರು. ಒಳಗೆ ಒಂದು ಕಪ್ಪನೆಯ ಚೂರು, ಮುದುಡಿಕೊಂಡು ಒಣಗಿದ್ದು. ಮೂಸಿ ನೋಡಿದರು. "ರೊಟ್ಟಿ ಕಣ. ಅಗ್ದು ಉಗ್ದಿರದು."

ನಾನು ಅದನ್ನು ಅವರ ಅಂಗೈಯಿಂದ ಕಿತ್ತುಕೊಂಡೆ. ಹಾಗೆ ಕಿತ್ತುಕೊಂಡದ್ದು ಅವರಿಗೆ ನೋವಾಯಿತೇನೋ, ಆಗ ನನಗೆ ಅದರ ಪರಿವೆ ಇರಲಿಲ್ಲ. ಕಾಗದದ ಸದ್ದು ಎರಡು ಸಲ ಕೇಳಿಸಿತ್ತು ಎಂಬುದು ಈಗ ನೆನಪಾಯಿತು. ನಾನು ಕೂಗಿದಾಗ ಅವರು ಉತ್ತರ ಕೊಡದೆ ಕೈ ಮಾತ್ರ ಎತ್ತಿದ್ದರು. ಬಾಯಲ್ಲಿ ತುತ್ತು ಇತ್ತು. ನನಗೆ ಇಷ್ಟು ದಿನ ಅದು ಹೊಳೆದಿರಲಿಲ್ಲ. ನರ್ಸಮ್ಮನಿಗೆ ಇಲ್ಲ ಎಂದದ್ದು ನಿಜವನ್ನೇ. ನನ್ನ ಕಡೆ ನೋಡಿದ್ದು, ಈಗಲಾದರೂ ಸಮಾಧಾನವಾಯಿತಾ ಎಂದು.

ಅಲ್ಲೇ ಕೂತು ಎಲ್ಲವನ್ನೂ ಹೇಳಿದೆ. ಆ ಬೆಳಿಗ್ಗೆ, ನರ್ಸಮ್ಮ, ಬೆಂಚು, ಬೆಂಚಿನ ಮೇಲೆ ಕೇಳಿಸಿಕೊಂಡ ಮಾತು, ಒಂಬತ್ತು ದಿನ. ಫೋನು ಹಿಡಿದಿದ್ದವರು ಅದನ್ನು ಕೆಳಗಿಳಿಸಲೂ ಮರೆತಿದ್ದರು. ಅಜ್ಜಿಗೆ ಒಂದಕ್ಷರ ತಿಳಿಯದಿದ್ದರೂ ಅಲುಗದೆ ಕೇಳುತ್ತಿದ್ದರು.

"ಅಯ್ಯೋ ಕುಸ" ಎಂದರು ಅತ್ತಿಗೆ ಕೊನೆಗೆ. "ಒಂಬತ್ತು ದಿನ ಇದ್ನ ಒಬ್ಳೇ ಒಟ್ಟೇಲಿ ಮಡಿಕಂಡಿದ್ಯಾ? ನನ್ನೇ ಕೇಳಿದ್ರ ಏಳ್ತಿರ್ನಿಲ್ವಾ, ಅವ ನುಂಗಾ ಜಾತಿ ಅಲ್ಲ ಅಂತ?"

ತಮ್ಮ ಮನೆಯ ರೊಟ್ಟಿಯನ್ನು ಏನು ಮಾಡಲಿ ಎಂದು ಅಜ್ಜಿ ಮತ್ತೆ ಕೇಳಿದರು. ಅತ್ತಿಗೆ ಕಣ್ಣೊರೆಸಿಕೊಂಡು, "ಅವ್ರೇ ತಿನ್ಲಿ ಅಂತೇಳಪ್ಪ. ಅವ ಇನ್ನ ಬರಕಿಲ್ಲ" ಎಂದರು. ಆ ಮಾತನ್ನು ತಿರುಗಿಸಿ ಹೇಳಲು ಫೋನು ಹಿಡಿದವರಿಗೆ ಸುಮಾರು ಹೊತ್ತು ಹಿಡಿಯಿತು.

ಆ ದಿನ ಸಂಜೆ ಒಬ್ಬಳೇ ಇದ್ದಾಗ ಚೂರನ್ನು ರೊಟ್ಟಿಯ ಕಚ್ಚಿದ ಅಂಚಿಗೆ ಹಿಡಿದು ನೋಡಿದೆ. ಅಗಿದದ್ದರಿಂದ ಅದು ಕುಗ್ಗಿತ್ತು. ಸುತ್ತ ಒಂದಿಷ್ಟು ಸಂದು ಉಳಿಯಿತು. ಅಷ್ಟು ಗಂಟಲಿಗೆ ಇಳಿದಿರಬಹುದೇ? ಒಣಗಿ ಚಿಕ್ಕದಾಗಿರಬಹುದೇ? ಬಿಸಿಯೂಟಕ್ಕೆ ದಿನಾ ಅಳೆದು ಹಾಕುವ ಕೈ ನನ್ನದು. ಆದರೂ ಅದನ್ನು ಅಳೆಯಲು ನನಗೆ ಆಗಲಿಲ್ಲ.

ಹನ್ನೊಂದನೆಯ ದಿನ ಎಡೆ ಇಟ್ಟೆವು. ಮುದ್ದೆ, ಮಾಂಸದ ಸಾರು, ಅವರಿಗೆ ಇಷ್ಟವಾದ ಅವರೆಕಾಳು. ಸಾವಿನ ಮೊದಲಿನ ಅಡುಗೆಯನ್ನೆಲ್ಲ ತಿಪ್ಪೆಗೆ ಹಾಕಿಸಿದ ಅತ್ತಿಗೆಯೇ ಆ ರೊಟ್ಟಿಯನ್ನು ತಂದು ಎಲೆಯ ತುದಿಯಲ್ಲಿ ಇಟ್ಟರು. ಬೋರಲು ಇಟ್ಟಿದ್ದರು. ನಾನು ಅಂಗಾತ ತಿರುಗಿಸಿದೆ. ಅವರು ಯಾಕೆ ಎಂದು ಕೇಳಲಿಲ್ಲ.

ಹೋದವರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಎಡೆ ಆಗುವವರೆಗೆ ನಾವು ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಹೊರಗೆ ಬರುವ ಮೊದಲು ನಾನು ಸೆರಗಿನ ಗಂಟಿನಲ್ಲಿದ್ದ ಚೂರನ್ನು ಬಾಯಿಗೆ ಹಾಕಿಕೊಂಡು ಕೆನ್ನೆಗೆ ಸರಿಸಿದ್ದೆ. ನುಂಗದೆ ಇಟ್ಟುಕೊಳ್ಳಲು ಆಗುತ್ತದೆಯೇ ಎಂದು ನನಗೆ ತಿಳಿಯಬೇಕಾಗಿತ್ತು. ಆಗುತ್ತದೆ. ಮೊದಲು ಕಲ್ಲಿನ ಹಾಗಿರುತ್ತದೆ, ಆಮೇಲೆ ನೆನೆಯುತ್ತದೆ. ಉಗುಳು ಇಳಿಯುತ್ತದೆ, ಚೂರು ನಿಲ್ಲುತ್ತದೆ.

"ಯಾಕಮ್ಮಿ, ಕೆನ್ನೆ ಊದ್ಕಂಡಂಗದ? ಬಾಯಲ್ಲಿ ಏನಾರ ಅದಾ?" ಎಂದರು ಅತ್ತಿಗೆ.

ನಾನು ಅವರ ಕಡೆ ನೋಡಿ, ಇಲ್ಲ ಎಂದು ತಲೆಯಾಡಿಸಿದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಆ ಕಡೆ ತಿರುಗಿಕೊಂಡರು. ಎಡೆ ಆಯಿತೆಂದು ಮೈದುನ ಬಾಗಿಲು ತಟ್ಟಿ ತೆರೆದ. ಆಗ ನುಂಗಿದೆ.